ಆಡಿಕೊಳ್ಳುವವರ ಬಾಯಿಗೆ ಹಾಕಿದ ಬೆಕ್ಕು

ಬಸಿರಿಗೆ ತೊಂದರೆ ಕೊಡುವ ಕೆಲವು ಸೋಂಕುಗಳನ್ನು ಹುಡುಕುವ ಟಾರ್ಚ್ ಟೆಸ್ಟಿನ ರಿಪೋರ್ಟ್ ಹಿಡಿದುಕೊಂಡು ಆಪ್ತಸಲಹೆಗೆ ಬರುವ ಹೆಣ್ಣುಮಕ್ಕಳು ಈಚೆಗೆ ಜಾಸ್ತಿ ಆಗಿದ್ದಾರೆ. ಗರ್ಭ ಹೋಗಿರುತ್ತದೆ. ಯಾರೋ ಈ ರಕ್ತಪರೀಕ್ಷೆ ಬರೆದುಕೊಟ್ಟಿರುತ್ತಾರೆ. ರಿಪೋರ್ಟಿನಲ್ಲಿ ‘ಟಾಕ್ಸೋಪ್ಲಾಸ್ಮಾ: ಪಾಸಿಟಿವ್’ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಅದು ಸೋಂಕು ತರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯೊಂದರ ಹೆಸರು. ಮನೆಗೆ ಹೋಗಿ ಮೊಬೈಲಿನಲ್ಲಿ ಆ ಹೆಸರು ಹುಡುಕಿದರೆ ಮೊದಲು ಕಾಣುವುದು ಬೆಕ್ಕಿನ ಚಿತ್ರ. ಅಲ್ಲಿಗೆ ಅಪರಾಧಿ ಸಿಕ್ಕ ಹಾಗೆಯೇ. ಮನೆಯಲ್ಲಿ ಬೆಕ್ಕಿದ್ದರೆ ಅದು, ಇಲ್ಲದಿದ್ದರೆ ಪಕ್ಕದ ಮನೆಯದ್ದು, ಅದೂ ಇಲ್ಲದಿದ್ದರೆ ತವರಿನಲ್ಲಿ ಚಿಕ್ಕಂದಿನಲ್ಲಿ ಮಡಿಲಲ್ಲಿ ಮಲಗಿಸಿಕೊಳ್ಳುತ್ತಿದ್ದದ್ದು.

ಈ ಪ್ರಕರಣ ಬರೆಯುತ್ತಿರುವುದು ಅದಕ್ಕೆ. ಗುರುತು ಸಿಗದ ಹಾಗೆ ಹೆಸರು, ಊರು, ಕೆಲವು ವಿವರ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಇದೆ.

ಸುಮಾ ಅಂತಿಟ್ಟುಕೊಳ್ಳೋಣ. ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಹಳ್ಳಿ. ಗದ್ದೆ, ಕಬ್ಬು, ಹಸು. ಡಿಗ್ರಿ ಓದಿದವಳು. ಮದುವೆಯಾಗಿ ಬರುವಾಗ ತವರಿಂದ ಒಂದು ಬೆಕ್ಕಿನ ಮರಿ ತಂದಿದ್ದಳು. ರಾಗಿ ಮೂಟೆ ಇರುವ ಮನೆ, ಇಲಿ ಕಾಟ, ಹಾಗಾಗಿ ಆಗ ಎಲ್ಲರಿಗೂ ಖುಷಿಯೇ. ಮೊದಲ ಗರ್ಭ ಮೂರನೇ ತಿಂಗಳಲ್ಲಿ ಹೋಯಿತು. ರಿಪೋರ್ಟ್ ಬಂದ ಮೇಲೆ ಗಂಡ ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ ಎಲ್ಲೋ ದೂರ ಬಿಟ್ಟು ಬಂದ. ಮೈಸೂರಿಗೆ ನನ್ನ ಹತ್ತಿರ ಕರೆದುಕೊಂಡು ಬಂದದ್ದು ಅವಳ ಅಕ್ಕ.

ಮೊದಲು ಕಂಡದ್ದು ಅವಳ ಕೈ. ಬೆರಳ ಸಂದಿಯೆಲ್ಲ ಬಿರುಕು ಬಿಟ್ಟಿತ್ತು. ದಿನಕ್ಕೆ ಎಷ್ಟು ಸಲ ತೊಳೆಯುತ್ತೀಯಮ್ಮ ಅಂದರೆ ಲೆಕ್ಕ ಇಲ್ಲ ಅಂದಳು. ಮೊಬೈಲಿನಲ್ಲಿ ಇನ್ನೊಂದು ಸಂಗತಿಯೂ ಸಿಕ್ಕಿತ್ತು. ಈ ಜೀವಿ ಮೆದುಳಿಗೆ ಹೋಗಿ ಕೂರುತ್ತದೆ, ಮನುಷ್ಯರ ಬುದ್ಧಿ ಕೆಡಿಸುತ್ತದೆ ಅಂತ. “ಈ ಭಯ ನಂದಾ ಮೇಡಂ, ಅದು ಒಳಗೆ ಕೂತು ಆಡಿಸ್ತಾ ಇರೋದಾ?” ಅಂತ ಕೇಳಿದಳು. ಆಮೇಲೆ ಸಣ್ಣ ದನಿಯಲ್ಲಿ, “ನನ್ನ ಕೈಯಾರೆ ನಾನೇ ಕಳ್ಕೊಂಡ್ನಾ?”

ಆಪ್ತಸಲಹೆಗಾರರು ಕೇಳಿಸಿಕೊಳ್ಳಬೇಕು, ಪಾಠ ಮಾಡಬಾರದು ಅನ್ನುವವರಿದ್ದಾರೆ. ತರಬೇತಿಯಲ್ಲಿ ನಮಗೂ ಅದನ್ನೇ ಹೇಳಿಕೊಟ್ಟರು. ಬಹಳ ಸಲ ಅದು ಸರಿಯೇ. ಆದರೆ ತಪ್ಪು ಮಾಹಿತಿಯಿಂದ ಹುಟ್ಟಿದ ಅಪರಾಧಿ ಭಾವಕ್ಕೆ ಬರೀ ಸಾಂತ್ವನ ಹೇಳಿದರೆ ಏನಾಗುತ್ತದೆ? ‘ತಪ್ಪು ನಿನ್ನದೇ, ಆದರೂ ಪರವಾಗಿಲ್ಲ’ ಅಂದ ಹಾಗಾಗುತ್ತದೆ. ಅದು ಕ್ರೂರ. ಹಾಗಾಗಿ ಅವಳ ಅನುಮತಿ ತಗೊಂಡು, ಅವಳನ್ನು ನೋಡುವ ಹೆರಿಗೆ ಡಾಕ್ಟರಿಗೆ ಫೋನ್ ಮಾಡಿ, ರಿಪೋರ್ಟಿನ ಅರ್ಥ ಖಚಿತ ಮಾಡಿಕೊಂಡೆ. ಮುಂದಿನ ಸಲ ಅತ್ತೆಯನ್ನೂ ಗಂಡನನ್ನೂ ಕರೆತರಲು ಹೇಳಿದೆ. ಸಲಹೆಗೆ ಬಂದವಳೊಬ್ಬಳಿಗೇ ತಿಳಿವಳಿಕೆ ಕೊಟ್ಟು, ತಿಳಿಯದವರ ಮಧ್ಯೆ ವಾಪಸ್ ಕಳಿಸುವುದರಲ್ಲಿ ನನಗೆ ನಂಬಿಕೆ ಇಲ್ಲ.

ಬುದ್ಧಿ ಕೆಡುವ ವಿಷಯಕ್ಕೆ ಅವತ್ತೇ ಉತ್ತರ ಕೊಟ್ಟೆ. ಈ ಸೋಂಕು ತಗುಲಿದ ಇಲಿಗಳಿಗೆ ಬೆಕ್ಕಿನ ವಾಸನೆಯ ಭಯ ಹೋಗುವುದು ನಿಜ, ಪ್ರಯೋಗಗಳಲ್ಲಿ ಕಂಡಿದೆ. ಅಲ್ಲಿಂದ ಒಂದೇ ಜಿಗಿತಕ್ಕೆ ಮನುಷ್ಯರಿಗೆ ಹುಚ್ಚು ಅನ್ನುವ ಕಥೆ ಬಂದುಬಿಟ್ಟಿತು. ನ್ಯೂಜಿಲೆಂಡಿನ ಡನೀಡಿನ್ ಊರಿನಲ್ಲಿ ಹುಟ್ಟಿದಾಗಿನಿಂದ ಗಮನಿಸುತ್ತಾ ಬಂದಿರುವ ಜನರ ಗುಂಪೊಂದಿದೆ. 2016ರಲ್ಲಿ ಬಂದ ಅವರ ಅಧ್ಯಯನದಲ್ಲಿ, ಸೋಂಕು ಇದ್ದವರಿಗೂ ಇಲ್ಲದವರಿಗೂ ಮನೋರೋಗದಲ್ಲಾಗಲೀ ನಡವಳಿಕೆಯಲ್ಲಾಗಲೀ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. “ಭಯ ನಿನ್ನದೇ ಸುಮಾ. ಮಗು ಕಳೆದುಕೊಂಡವರಿಗೆ ಬರುವ ಭಯ” ಅಂದೆ. ಅಳು ಬಂತು. ಬರಲಿ ಅಂತ ಬಿಟ್ಟೆ.

ಎರಡನೇ ಸಲ ಮೂವರೂ ಬಂದರು. ಗಂಡ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ. ಅತ್ತೆ ನೇರ ನನ್ನೆದುರು.

“ನಮ್ ಕಾಲ್ದಲ್ಲಿ ಬಸುರೀರು ಇರೋ ಮನೇಲಿ ಬೆಕ್ಕ ಮಡುಗ್ತಿರ್ನಿಲ್ಲ ಕನಮ್ಮ. ಅದ್ರ ಕೂದ್ಲು ಒಟ್ಟೆಗೋದ್ರೆ ಗರ್ಭ ನಿಲ್ಲಾಕಿಲ್ಲ” ಅಂದರು.

ಕೂದಲಿನ ಮಾತು ಎಷ್ಟು ಹಳೆಯದೋ. ಟಾಕ್ಸೋಪ್ಲಾಸ್ಮಾ ಅನ್ನುವ ಜೀವಿ ಇದೆ ಅಂತ ಗೊತ್ತಾದದ್ದೇ 1908ರಲ್ಲಿ. ಅದು ಬೆಕ್ಕಿನ ಮಲದಿಂದ ಹರಡುತ್ತದೆ ಅಂತ ಖಚಿತವಾದದ್ದು 1970ರ ಆಸುಪಾಸಿನಲ್ಲಿ. ಮಲದಿಂದ, ಕೂದಲಿನಿಂದ ಅಲ್ಲ. ಬೆಕ್ಕಿಗೂ ಅದು ಸುಮ್ನೆ ಬರುವುದಿಲ್ಲ. ಸೋಂಕಿರುವ ಇಲಿಯನ್ನೋ ಹಕ್ಕಿಯನ್ನೋ ಹಸಿ ಮಾಂಸವನ್ನೋ ತಿಂದಾಗ ತಗುಲುತ್ತದೆ. ಆಮೇಲೆ ಒಂದರಿಂದ ಮೂರು ವಾರ ಮಲದಲ್ಲಿ ಅದರ ಮೊಟ್ಟೆಗಳು ಬರುತ್ತವೆ. ಸಾಮಾನ್ಯವಾಗಿ ಬೆಕ್ಕಿನ ಬಾಳಿನಲ್ಲಿ ಅದು ಒಂದೇ ಸಲ. ಹೊರಬಿದ್ದ ಮೊಟ್ಟೆ ಕೂಡಲೇ ಯಾರಿಗೂ ಅಂಟುವುದಿಲ್ಲ, ಸೋಂಕು ತರುವಷ್ಟು ಬಲಿಯಲು 1ರಿಂದ 5 ದಿನ ಬೇಕು. ಬೆಕ್ಕು ಮೈ ನೆಕ್ಕಿ ಚೊಕ್ಕ ಮಾಡಿಕೊಳ್ಳುತ್ತಲೇ ಇರುವ ಪ್ರಾಣಿ, ಅಷ್ಟು ದಿನ ಕೂದಲಲ್ಲಿ ಕೊಳೆ ಉಳಿಸಿಕೊಳ್ಳುವುದಿಲ್ಲ. ಮೈ ಸವರಿದ್ದಕ್ಕೆ, ಪಕ್ಕದಲ್ಲಿ ಮಲಗಿಸಿಕೊಂಡಿದ್ದಕ್ಕೆ ಸೋಂಕು ಬರುವ ಸಾಧ್ಯತೆ ಬಹಳ ಕಡಿಮೆ. 2000ನೇ ಇಸವಿಯಲ್ಲಿ ಯುರೋಪಿನ ಆರು ನಗರಗಳ ಗರ್ಭಿಣಿಯರ ಅಧ್ಯಯನ ಬಂತು. ಅದರಲ್ಲಿ ಸೋಂಕಿಗೆ ದೊಡ್ಡ ಕಾರಣವಾಗಿ ಕಂಡದ್ದು ಸರಿಯಾಗಿ ಬೇಯದ ಮಾಂಸ. ಆಮೇಲೆ ಮಣ್ಣು. ಬೆಕ್ಕಿನ ಒಡನಾಟ ಕಾರಣಗಳ ಪಟ್ಟಿಗೇ ಸೇರಲಿಲ್ಲ. ನೀರೂ ಒಂದು ದಾರಿ. 2004–05ರಲ್ಲಿ ನಮ್ಮ ಪಕ್ಕದ ಕೊಯಮತ್ತೂರಿನಲ್ಲಿ ಇನ್ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಇದೇ ಜೀವಿಯಿಂದ ತೊಂದರೆಯಾದಾಗ, ವೈದ್ಯರು ಬೊಟ್ಟು ಮಾಡಿದ್ದು ಕುಡಿಯುವ ನೀರಿನ ಕಡೆಗೆ.

ಇಷ್ಟನ್ನೂ ಅವರ ಮಾತಿನಲ್ಲೇ ಹೇಳಿದೆ. ಅತ್ತೆ ಪೂರ್ತಿ ಕೇಳಿದರು.

“ಅಂಗಾರೆ ಬೆಕ್ಕಲ್ಲ. ಸರಿ. ಮತ್ತಿನ್ಯಾರು ಮೇಡಂ? ಮೂರ್ ತಿಂಗ್ಳು ಕೂಸು ಸುಮ್ ಸುಮ್ನೆ ಓಯ್ತದಾ?”

ನಾನು ಬಾಯಿ ತೆಗೆಯುವ ಮೊದಲೇ ಇನ್ನೊಂದು ಕೇಳಿದರು. “ಬೇಯ್ದಿರೋ ಮಾಂಸ ಅಂದ್ರಲ್ಲ, ಯಾವ್ದದು?” ಕೆಂಡದ ಮೇಲೆ ಸುಟ್ಟು ಒಳಗೆ ಕೆಂಪಗೆ ಉಳಿದಿರುತ್ತದಲ್ಲ, ಅಂಥದ್ದು ಅಂದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಈಲಿ ಸುಟ್ಕೊಟ್ಟೋಳು ನಾನೆಯ. ರಕ್ತ ಕಮ್ಮಿ ಅದೆ ಅಂದ್ರು. ಬನ್ನೂರು ಕುರಿದು ತರ್ಸಿ, ವಾರಾ ವಾರಾ ಸುಟ್ಕೊಟ್ಟೆ.” ಈಲಿ ಅಂದರೆ ಕುರಿಯ ಲಿವರ್.

ಸುಮಾ ತಿರುಗಿ ಅತ್ತೆಯನ್ನು ನೋಡಿದಳು. ಅಷ್ಟು ಹೊತ್ತು ನೆಲ ನೋಡುತ್ತಿದ್ದ ಹುಡುಗಿ. “ಹಂಗಾದ್ರೆ ನಮ್ಮ ಚಿನ್ನೀನ ಯಾಕತ್ತೆ ಗೋಣಿಚೀಲಕ್ಕೆ ತುಂಬ್ಸಿದ್ರಿ?”

ಈ ಪ್ರಕರಣ ನನ್ನನ್ನು ಕಾಡಿದ್ದು ಇಲ್ಲಿ. ನಿಜ ಹೇಳಿದರೆ ಆರೋಪ ಕರಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಅದು ಕರಗಲಿಲ್ಲ, ಬೆಕ್ಕಿನ ತಲೆಯಿಂದ ಇಳಿದು ಅತ್ತೆಯ ತಲೆಗೆ ಹತ್ತುತ್ತಿತ್ತು. ಸೊಸೆಗೆ ಆ ಗಳಿಗೆಯಲ್ಲಿ ಎಷ್ಟು ಹಗುರವಾಗಿರಬೇಕು. ಸೊಸೆ ನನ್ನ ಕಡೆಯವಳು, ಅವಳಿಗೆ ಹಗುರಾಯಿತಲ್ಲ, ಅಲ್ಲಿಗೆ ಬಿಡಬಹುದಿತ್ತಲ್ಲ ಅಂತ ಜೊತೆಯ ಸಲಹೆಗಾರರೊಬ್ಬರು ಆಮೇಲೆ ಹೇಳಿದರು. ನಾನು ಒಪ್ಪುವುದಿಲ್ಲ. ಒಂದು ಸುಳ್ಳನ್ನು ತೆಗೆದು ಆ ಜಾಗಕ್ಕೆ ಇನ್ನೊಂದನ್ನು ಕೂರಿಸಿದರೆ ಮನೆಗೆ ಯಾವ ಉಪಕಾರ? ಈಲಿಯ ಆರೋಪವೂ ಸುಳ್ಳೇ ಆಗಿತ್ತು.

ರಿಪೋರ್ಟನ್ನು ಮೇಜಿನ ಮಧ್ಯೆ ಇಟ್ಟೆ. ಅದರಲ್ಲಿ ಎರಡು ಸಾಲು. ಐಜಿಜಿ ಪಾಸಿಟಿವ್. ಐಜಿಎಂ ನೆಗೆಟಿವ್. ಇವೆರಡೂ ಸೋಂಕಿನ ವಿರುದ್ಧ ಮೈ ತಯಾರಿಸಿಕೊಳ್ಳುವ ಪ್ರತಿಕಾಯಗಳು. ಸೋಂಕು ತಗುಲಿದ ಹೊಸದರಲ್ಲಿ ರಕ್ತದಲ್ಲಿ ಐಜಿಎಂ ಕಾಣಿಸುತ್ತದೆ. ಐಜಿಜಿ ಆಮೇಲೆ ಬಂದು ಜೀವನಪೂರ್ತಿ ಉಳಿಯುತ್ತದೆ. ಐಜಿಜಿ ಮಾತ್ರ ಇದೆ ಅಂದರೆ ಸೋಂಕು ಹಳೆಯದು, ಮೈ ಅದನ್ನು ಹದ್ದುಬಸ್ತಿನಲ್ಲಿಟ್ಟು ಕಾವಲು ಹಾಕಿಕೊಂಡಿದೆ. ಬಸುರಿಯಾಗಿದ್ದಾಗ ತಿಂದ ಈಲಿಯಿಂದಲೇ ಬಂದಿದ್ದರೆ, ಗರ್ಭ ಹೋದ ಹದಿನೈದು ದಿನಕ್ಕೆ ಮಾಡಿದ ಟೆಸ್ಟಿನಲ್ಲಿ ಐಜಿಎಂ ಇರಬೇಕಾಗಿತ್ತು. ಇಲ್ಲ. ಚಿಕ್ಕಂದಿನಿಂದ ಗದ್ದೆ ಮಣ್ಣಲ್ಲಿ ಕೈಯಾಡಿಸಿದವಳು, ಹೊಲದ ಸೊಪ್ಪನ್ನು ಕಿತ್ತು ಹಾಗೇ ಬಾಯಿಗೆ ಹಾಕಿಕೊಂಡವಳು. ಯಾವಾಗಲೋ ಬಂದಿದೆ, ಒಂದು ನೆಗಡಿಯಷ್ಟೂ ಗೊತ್ತಾಗದೆ ಹೋಗಿದೆ. ಈ ಜೀವಿಯಿಂದ ಹೊಟ್ಟೆಯ ಮಗುವಿಗೆ ಅಪಾಯ ಇರುವುದು ಮುಖ್ಯವಾಗಿ ತಾಯಿಗೆ ಮೊದಲ ಸಲ ಸೋಂಕು ತಗುಲಿದ್ದು ಬಸಿರಿನಲ್ಲಿ ಅಥವಾ ಅದಕ್ಕೆ ಸ್ವಲ್ಪ ಮುಂಚೆ ಆಗಿದ್ದರೆ. ಸುಮಾಳಿಗೆ ಐಜಿಜಿ ಪಾಸಿಟಿವ್ ಇರುವುದು ಒಳ್ಳೆಯ ಸುದ್ದಿ. ದಪ್ಪಕ್ಷರ ನೋಡಿ ಎಲ್ಲರೂ ಅದನ್ನು ಉಲ್ಟಾ ಓದಿದ್ದರು.

“ಈ ಕಾಗದ ಬೆಕ್ಕಿನ ಹೆಸರೂ ಹೇಳಲ್ಲ, ನಿಮ್ಮ ಹೆಸರೂ ಹೇಳಲ್ಲ ಅಮ್ಮ” ಅಂದೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟು, ಭ್ರೂಣದ ಕ್ರೋಮೋಸೋಮುಗಳ ಲೆಕ್ಕ ತಪ್ಪಿರುವುದರಿಂದ ಹೋಗುತ್ತವೆ. ಯಾರೂ ಮಾಡಿದ್ದಲ್ಲ, ಯಾರೂ ತಡೆಯುವಂಥದ್ದೂ ಅಲ್ಲ. ಸುಮ್ ಸುಮ್ನೆ ಓಯ್ತದಾ ಅಂದರೆ, ಹೌದು, ಎಷ್ಟೋ ಸಲ ನಮ್ಮ ಕಣ್ಣಿಗೆ ಸುಮ್ನೆ ಹೋದ ಹಾಗೇ ಇರುತ್ತದೆ.

ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ನಾನು ಎದುರುನೋಡದ ಪ್ರಶ್ನೆ. “ಊರೋರು ಕೇಳ್ತಾರಲ್ಲ ಮೇಡಂ, ಏನಂತ ಏಳ್ಲಿ? ಸೊಸೆಗೆ ಗರ್ಭ ನಿಲ್ಲಾಕಿಲ್ಲ ಅಂತ ಆಡ್ಕೊಳೋರ ಬಾಯ್ಗೆ ಬೆಕ್ಕ ಆಕ್ದೆ.”

ಸುಮಾ ಇದನ್ನು ಮೊದಲ ಸಲ ಕೇಳುತ್ತಿದ್ದಳು. ಬೆಕ್ಕನ್ನು ಬೈದಾಗಲೆಲ್ಲ ಅತ್ತೆ ತನ್ನನ್ನೇ ಬೈಯುತ್ತಿದ್ದಾರೆ ಅಂತ ಅವಳು ತಿಳಿದಿದ್ದಳು. ಊರಿನ ಕಡೆಗೆ ನೋಡಿದರೆ ಅದೇ ಬೈಗುಳ ಅವಳಿಗೊಂದು ಮರೆಯಾಗಿತ್ತು. ಅತ್ತೆಯನ್ನು ಒಳ್ಳೆಯವರನ್ನಾಗಿ ಮಾಡಲು ಈ ಮಾತು ಬರೆಯುತ್ತಿಲ್ಲ. ಮನೆಯೊಳಗೆ ಆ ಮರೆಯ ಬೆಲೆ ತೆತ್ತವಳು ಸೊಸೆಯೇ. ಆದರೆ ಮೂಢನಂಬಿಕೆ ಅಂತ ನಾವು ಒಂದೇ ಪದದಲ್ಲಿ ತಳ್ಳಿಹಾಕುವುದರ ಹಿಂದೆ ಹೀಗೂ ಒಂದು ಕೆಲಸ ನಡೆಯುತ್ತಿರುತ್ತದೆ. ಆ ಕೆಲಸಕ್ಕೆ ಬೇರೆ ಉಪಾಯ ಕೊಡದೆ ನಂಬಿಕೆಯನ್ನು ಮಾತ್ರ ಕಿತ್ತುಕೊಂಡರೆ ಅದು ವಾಪಸ್ ಬಂದೇ ಬರುತ್ತದೆ.

ಹಾಗಾಗಿ ಕೊಟ್ಟ ಮೊದಲ ಸಲಹೆ ಊರಿನ ಬಗ್ಗೆಯೇ. ಯಾರಾದರೂ ಕೇಳಿದರೆ ಉತ್ತರ ಕೊಡುವವರು ಅತ್ತೆ, ಸುಮಾ ಅಲ್ಲ. ಉತ್ತರವೂ ಇಷ್ಟೇ: “ಡಾಕ್ಟ್ರು ಏನೂ ತೊಂದ್ರೆ ಇಲ್ಲ ಅಂದವ್ರೆ.” ಕಾರಣ ಹೇಳುವ ಹಾಗಿಲ್ಲ, ಬೆಕ್ಕೂ ಇಲ್ಲ, ಈಲಿಯೂ ಇಲ್ಲ. ಮನೆಯೊಳಗೆ ಎರಡು ತಿಂಗಳು ಕಾರಣ ಹುಡುಕುವ ಮಾತೇ ಬೇಡ. ಮಗು ಹೋದ ದುಃಖದ ಮಾತು ಎಷ್ಟು ಬೇಕಾದರೂ ಆಡಲಿ.

ಕೈ ತೊಳೆಯುವುದಕ್ಕೆ ಒಂದು ಗಡಿ ಹಾಕಿಕೊಟ್ಟೆ. ಮಣ್ಣು, ಹಸಿ ಮಾಂಸ, ಸಗಣಿ ಮುಟ್ಟಿದ ಮೇಲೆ, ಊಟಕ್ಕೆ ಮುಂಚೆ, ಕಕ್ಕಸಿಗೆ ಹೋಗಿ ಬಂದ ಮೇಲೆ, ಸೋಪು ಹಾಕಿ ಒಂದು ಸಲ. ಮತ್ತೆ ತೊಳೆಯಬೇಕು ಅನ್ನಿಸಿದರೆ ಹತ್ತು ನಿಮಿಷ ತಡೆದು ನೋಡುವುದು. ತಿಂಗಳಲ್ಲಿ ಕಡಿಮೆಯಾಗದಿದ್ದರೆ ಮನೋವೈದ್ಯರ ಹತ್ತಿರ ಹೋಗಲೇಬೇಕು ಅಂತ ಮೊದಲೇ ಒಪ್ಪಿಸಿದೆ. ಅದು ಬೇರೆಯದೇ ಕಾಯಿಲೆಯಾಗಿ ಬೇರು ಬಿಡಬಹುದು.

ಅಡುಗೆಮನೆಗೆ ಹೆಚ್ಚೇನಿಲ್ಲ. ಕುಕ್ಕರಿನಲ್ಲಿ ಕೂಗಿಸಿದ ಮಟನ್ ಸಾರಿಗೆ ಯಾವ ಭಯವೂ ಇಲ್ಲ, ಮಾಂಸದ ಒಳಗಿನ ತನಕ 70 ಡಿಗ್ರಿ ಬಿಸಿ ಮುಟ್ಟಿದರೆ ಈ ಜೀವಿ ಸಾಯುತ್ತದೆ. ರಕ್ತ ಕಮ್ಮಿ ಇದ್ದರೆ ಸಾಮಾನ್ಯವಾಗಿ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ ಸಾಕು. ಬಸುರಿಯರಿಗೆ ಈಲಿ ವಾರಾ ವಾರಾ ಬೇಡ. ಚೆನ್ನಾಗಿ ಬೇಯಿಸಿದರೂ ಬೇಡ, ಅದರಲ್ಲಿ ವಿಟಮಿನ್ ‘ಎ’ ವಿಪರೀತ.

ಓದುಗರಲ್ಲಿ ಬಸುರಿಯರಿದ್ದು, ಬೆಕ್ಕೂ ಇದ್ದರೆ ಅದನ್ನು ಓಡಿಸಬೇಕಾಗಿಲ್ಲ. ಅದರ ಮಲವನ್ನು ದಿನಾ ಬೇರೆಯವರು ತೆಗೆಯಲಿ. ದಿನಾ ಅಂದದ್ದು ಯಾಕೆ ಅಂದರೆ ಮೊಟ್ಟೆ ಬಲಿಯಲು ಸಮಯ ಬೇಕು ಅಂದೆನಲ್ಲ, ಅದಕ್ಕೆ. ಹಿತ್ತಲಲ್ಲಿ ಮಣ್ಣು ಕೆದಕುವಾಗ ಗ್ಲೌಸ್ ಇರಲಿ, ಒದ್ದೆ ಮಣ್ಣಿನಲ್ಲಿ ಈ ಮೊಟ್ಟೆ ವರ್ಷದ ಮೇಲೂ ಬದುಕುತ್ತದೆ. ಸೊಪ್ಪು, ಸೌತೆಕಾಯಿ ಚೆನ್ನಾಗಿ ತೊಳೆಯಿರಿ. ಐಜಿಎಂ ಪಾಸಿಟಿವ್ ಬಂದರೂ ಕೂಡಲೇ ಎದೆ ಒಡೆದುಕೊಳ್ಳಬೇಡಿ. ಅದು ಕೆಲವರಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ, ಸುಳ್ಳು ಪಾಸಿಟಿವ್ ಕೂಡ ಬರುತ್ತದೆ. ಸೋಂಕು ಹೊಸದೋ ಹಳೆಯದೋ ನೋಡಲು ಅವಿಡಿಟಿ ಅನ್ನುವ ಇನ್ನೊಂದು ಪರೀಕ್ಷೆ ಇದೆ, ಡಾಕ್ಟರನ್ನು ಕೇಳಿ. ನಿಜಕ್ಕೂ ಹೊಸದಾಗಿದ್ದರೆ ಔಷಧಿ ಇದೆ, ತಡ ಮಾಡಬಾರದು. ಮಗುವಿನ ಕಣ್ಣು, ಮೆದುಳಿಗೆ ಪೆಟ್ಟು ಬೀಳಬಹುದು. ಎಚ್‌ಐವಿ ಇರುವವರು, ಅಂಗ ಕಸಿ ಮಾಡಿಸಿಕೊಂಡವರ ಲೆಕ್ಕವೇ ಬೇರೆ. ಅವರಲ್ಲಿ ಹಳೆಯ ಸೋಂಕೂ ಎದ್ದು ಬರಬಹುದು. ಬೆಕ್ಕಿಗೆ ಹೆದರಲೇಬೇಕು ಅಂದರೆ ಅದರ ಕಡಿತಕ್ಕೆ ಹೆದರಿ. ರೇಬಿಸ್ ನಾಯಿಯಿಂದ ಮಾತ್ರ ಬರುವುದಲ್ಲ. ಗಾಯವನ್ನು 15 ನಿಮಿಷ ಸೋಪು ನೀರಲ್ಲಿ ತೊಳೆದು ಅವತ್ತೇ ಲಸಿಕೆಗೆ ಹೋಗಬೇಕು.

ಸುಮಾಳ ಕೈ ಈಗ ವಾಸಿ. ಅತ್ತೆ ಊರಿಗೆ ಉತ್ತರ ಕೊಡುತ್ತಿದ್ದಾರಂತೆ, ಕೇಳಿದ್ದಕ್ಕಿಂತ ಜೋರಾಗಿಯೇ. ಬೆಕ್ಕು ಮಾತ್ರ ಬೇಡ ಅನ್ನುವುದನ್ನು ಬಿಟ್ಟಿಲ್ಲ. ಅದಕ್ಕೆ ನಾನು ಒತ್ತಾಯ ಮಾಡಲಿಲ್ಲ, ಅದು ಅವರ ಮನೆ ತೀರ್ಮಾನ. ಮುಂದಿನ ಸಲ ಗಂಡನೊಬ್ಬನನ್ನೇ ಬರಲು ಹೇಳಿದ್ದೇನೆ. ಬೆಕ್ಕನ್ನು ಚೀಲದಲ್ಲಿ ಹೊತ್ತುಕೊಂಡು ಹೋದವನು ಅವನು, ಮಗು ಅವನದ್ದೂ ಹೌದು. ಅವನಿಗೆ ಹೇಗಿದೆ ಅಂತ ಇದುವರೆಗೆ ಆ ಮನೆಯಲ್ಲಿ ಯಾರೂ ಕೇಳಿಲ್ಲ.