ಎಎಲ್‌ಟಿ ಏರಿರುವಾಗ ಫೈಬ್ರೊಸ್ಕ್ಯಾನ್ 9.8 ಬಂದರೆ ಸಿರೋಸಿಸ್ ಎಂದೇ?

ನಿಮ್ಮ ಅಣ್ಣನಿಗೆ 38 ವರ್ಷ, ಹಳೆಯ ಹೆಪಟೈಟಿಸ್ ಬಿ, ಲಿವರ್ ಕಿಣ್ವಗಳಾದ ಎಎಲ್‌ಟಿ 160, ಎಎಸ್‌ಟಿ 92, ಪ್ಲೇಟ್‌ಲೆಟ್ 1.9 ಲಕ್ಷ, ಫೈಬ್ರೊಸ್ಕ್ಯಾನ್ 9.8 ಕಿಲೋಪ್ಯಾಸ್ಕಲ್, ಸಿರೋಸಿಸ್ (ಲಿವರ್ ತುಂಬ ಗಾಯದ ಕಲೆಗಟ್ಟುವುದು) ಆಗಿದೆಯೇ, ಬಯಾಪ್ಸಿ (ಲಿವರಿನ ಚೂರು ತೆಗೆದು ಮಾಡುವ ಪರೀಕ್ಷೆ) ಬೇಕೇ ಎಂದು ಕೇಳಿದ್ದೀರಿ. ಈ ಅಂಕಿಗಳನ್ನಿಟ್ಟುಕೊಂಡು ಸಿರೋಸಿಸ್ ಎನ್ನಲಾಗದು.

ಫೈಬ್ರೊಸ್ಕ್ಯಾನ್ ಅಳೆಯುವುದು ಲಿವರಿನ ಗಡಸುತನವನ್ನು. ಗಾಯದ ಕಲೆ ಹೆಚ್ಚಿದರೆ ಗಡಸಾಗುತ್ತದೆ, ನಿಜ. ಆದರೆ ಉರಿಯೂತದ ಬಾವು, ಪಿತ್ತನಾಳದ ಅಡಚಣೆ, ಹೃದಯ ವೈಫಲ್ಯದಿಂದ ಲಿವರಿನಲ್ಲಿ ನಿಂತ ರಕ್ತ, ಆಗತಾನೇ ಮಾಡಿದ ಊಟ ಕೂಡ ಅಂಕಿಯನ್ನು ಏರಿಸುತ್ತವೆ. ಎಎಲ್‌ಟಿ 160 ಎಂದರೆ ಉರಿಯೂತ ಜೋರಾಗಿಯೇ ಇದೆ, 9.8ರಲ್ಲಿ ಅದರ ಪಾಲು ಎಷ್ಟು, ಕಲೆಯ ಪಾಲು ಎಷ್ಟು ಎಂದು ಈಗ ಬಿಡಿಸಿ ಹೇಳಲಾಗದು.

ರಿಪೋರ್ಟನ್ನು ಇನ್ನೊಮ್ಮೆ ನೋಡಿ. ಸರಿಯಾದ ಅಳತೆ 10 ಇರಬೇಕು, ಐಕ್ಯೂಆರ್ (ಅಳತೆಗಳು ಎಷ್ಟು ಚದುರಿವೆ ಎಂಬುದು) ಮತ್ತು ಮೀಡಿಯನ್ (ನಡುವಿನ ಅಳತೆ) ಅನುಪಾತ ಶೇ. 30 ಮೀರಿರಬಾರದು, ಪರೀಕ್ಷೆಗೆ ಮುಂಚೆ ಕನಿಷ್ಠ 3 ಗಂಟೆ ಏನೂ ತಿಂದಿರಬಾರದು. ಮೈ ದಪ್ಪಗಿದ್ದರೆ ಎಕ್ಸ್‌ಎಲ್ ಪ್ರೋಬ್ (ಮೈಮೇಲಿಟ್ಟು ಅಳೆಯುವ ಸಾಧನದ ದೊಡ್ಡ ಗಾತ್ರ) ಬೇಕು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಈ ಸ್ಕ್ಯಾನ್ ನಡೆಯುವುದಿಲ್ಲ.

ರಕ್ತಪರೀಕ್ಷೆಯಿಂದಲೂ ಅಂದಾಜು ಮಾಡಬಹುದು. ಎಪಿಆರ್‌ಐ ಎಂಬುದು ಎಎಸ್‌ಟಿ ಮತ್ತು ಪ್ಲೇಟ್‌ಲೆಟ್‌ನಿಂದ ಲಿವರಿನ ಕಲೆಯನ್ನು ಅಂದಾಜಿಸುವ ಸೂಚ್ಯಂಕ. ಅದರ ಲೆಕ್ಕಕ್ಕೆ ಎಎಸ್‌ಟಿಯನ್ನು ಲ್ಯಾಬಿನ ಗರಿಷ್ಠ ಮಿತಿಯಿಂದ ಭಾಗಿಸಿ, ಬಂದದ್ದನ್ನು ಪ್ಲೇಟ್‌ಲೆಟ್‌ನಿಂದ ಭಾಗಿಸಿ, 100ರಿಂದ ಗುಣಿಸಬೇಕು. ಎಡವುವುದು ಇಲ್ಲೇ: 1.9 ಲಕ್ಷವನ್ನು ಸಾವಿರಗಳ ಲೆಕ್ಕದಲ್ಲಿ 190 ಎಂದು ಹಾಕಬೇಕು, 1.9 ಎಂದಲ್ಲ. ಮಿತಿ 40 ಎಂದಿಟ್ಟುಕೊಂಡರೆ 1.21 ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ ಎಪಿಆರ್‌ಐ 1 ದಾಟಿದರೆ ಸಿರೋಸಿಸ್ ಶಂಕೆ. ಅದೇ ಮಾರ್ಗಸೂಚಿಯಲ್ಲಿ ಸ್ಕ್ಯಾನಿಗೆ ಸಿರೋಸಿಸ್ ಗಡಿ 12.5. ಒಂದು ಅಂಕಿ ಗಡಿ ದಾಟಿದೆ, ಇನ್ನೊಂದು ದಾಟಿಲ್ಲ. ಎಎಸ್‌ಟಿ ಕೂಡ ಉರಿಯೂತದಿಂದಲೇ ಏರುವುದರಿಂದ ಈ 1.21 ಉಬ್ಬಿದ ಅಂಕಿಯಾಗಿರುವ ಸಾಧ್ಯತೆ ಹೆಚ್ಚು. ಈಚೆಗೆ ಡೆಂಗ್ಯೂ ಬಂದಿತ್ತೇ? ಡೆಂಗ್ಯೂ ಎಎಸ್‌ಟಿ ಏರಿಸಿ ಪ್ಲೇಟ್‌ಲೆಟ್ ಇಳಿಸುವುದರಿಂದ ಆ ವಾರಗಳ ಎಪಿಆರ್‌ಐ ಪೂರ್ತಿ ದಾರಿ ತಪ್ಪಿಸುತ್ತದೆ.

ಇದಕ್ಕಿಂತ ಮುಖ್ಯವಾದದ್ದು, ಚಿಕಿತ್ಸೆಗೆ ಈ ಗೊಂದಲ ಬಗೆಹರಿಯಲೆಂದು ಕಾಯಬೇಕಿಲ್ಲ. ಅದೇ ಮಾರ್ಗಸೂಚಿಯಂತೆ ಎಪಿಆರ್‌ಐ 0.5 ಅಥವಾ ಸ್ಕ್ಯಾನ್ 7 ದಾಟಿದರೆ ಔಷಧ ಶುರುಮಾಡಬಹುದು. ಎಚ್‌ಬಿವಿ ಡಿಎನ್‌ಎ (ರಕ್ತದಲ್ಲಿರುವ ಹೆಪಟೈಟಿಸ್ ಬಿ ವೈರಸ್ ಪ್ರಮಾಣ) ಮಿ.ಲೀ.ಗೆ 2000 ಐಯು ದಾಟಿ ಎಎಲ್‌ಟಿಯೂ ಹೆಚ್ಚಿದ್ದರೂ ಅಷ್ಟೇ. ಡಿಎನ್‌ಎ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಲಿವರ್ ತಜ್ಞರನ್ನು ಕಾಣಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಮಾತ್ರೆ ಉಚಿತ. ಶುರುಮಾಡಿದ ಮೇಲೆ ತಾವಾಗಿಯೇ ನಿಲ್ಲಿಸಬಾರದು, ಕಾಯಿಲೆ ಒಮ್ಮೆಲೇ ಉಲ್ಬಣಿಸಬಹುದು.

ಎಎಲ್‌ಟಿ ಇಳಿದು ಕೆಲವು ತಿಂಗಳಾದ ಮೇಲೆ ಸ್ಕ್ಯಾನ್ ಮತ್ತೆ ಮಾಡಿಸಿ. ಅಂಕಿ ಇಳಿದರೆ ಕಲೆ ಕರಗಿತೆಂದು ಹಿಗ್ಗಬೇಡಿ, ಮೊದಲು ಇಳಿಯುವುದು ಬಾವು. ಆಗಲೂ ಅಂಕಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ, ಅಥವಾ ಬೇರೆ ಲಿವರ್ ಕಾಯಿಲೆಯ ಅನುಮಾನವಿದ್ದರೆ ಬಯಾಪ್ಸಿಯ ಮಾತು.