ಪ್ರಿವ್ಯಾರಿಕೇಟ್‌ನಲ್ಲಿ ‘ವೇರಿ’ ಇಲ್ಲ, ಸೊಟ್ಟಗಾಲಿದೆ

ಹಾರಿಕೆಯ ಮಾತಾಡು ಎಂಬರ್ಥದ ಇಂಗ್ಲಿಷಿನ ಪ್ರಿವ್ಯಾರಿಕೇಟ್ (prevaricate) ಪದವನ್ನು ‘ಪ್ರಿ’ (ಮೊದಲು), ‘ವೇರಿ’ (vary, ಬದಲಿಸು) ಎಂದು ಒಡೆದು, ‘ಮೊದಲೇ ಮಾತು ಬದಲಿಸುವುದು’ ಎಂದು ನಿಮ್ಮಲ್ಲೊಬ್ಬರು ಬರೆದಿದ್ದೀರಿ. ದಯವಿಟ್ಟು ತಿದ್ದಿ. ನನಗೂ ಹಳೆಯ ಪರಿಚಯವಿರುವ ಗುಂಡಿ ಇದು. ವೇರಿಯ ಮೂಲ ಲ್ಯಾಟಿನ್ನಿನ ವರಿಯುಸ್ (ಬಗೆಬಗೆಯ), ಮೊದಲಕ್ಷರ ಹ್ರಸ್ವ. ಪ್ರಿವ್ಯಾರಿಕೇಟ್‌ನ ಮೂಲ ವಾರುಸ್, ಅಂದರೆ ಸೊಟ್ಟಗಾಲಿನ, ಅಲ್ಲಿ ದೀರ್ಘ. ಅದರಿಂದ ಕಾಲಗಲಿಸುವ ವಾರಿಕಾರೆ, ಅದರಿಂದ ಅಡ್ಡಾದಿಡ್ಡಿ ನಡೆಯುವ ಪ್ರೈವಾರಿಕಾರಿ. ಬಲೆಗೂ ಬಾಲೆಗೂ ನಂಟು ಕಟ್ಟುತ್ತೀರಾ? ಹ್ರಸ್ವ ದೀರ್ಘ ನೋಡದೆ ಲ್ಯಾಟಿನ್ ಧಾತು ಹುಡುಕಲು ಕೂರಲೇಬೇಡಿ.

ರೋಮನ್ ಲೇಖಕ ಪ್ಲಿನಿಯನ್ನು ಓದಿ. ನಿಸರ್ಗ ಚರಿತ್ರೆಯ 18ನೆಯ ಸಂಪುಟದಲ್ಲಿ ಬೇಸಾಯದ ಮಾತಿನ ನಡುವೆ ಹೇಳುತ್ತಾನೆ: ಬೆನ್ನು ಬಾಗಿಸದೆ ಉಳುವವನ ಸಾಲು ಸೊಟ್ಟಗಾಗುತ್ತದೆ, ಪ್ರೈವಾರಿಕಾರಿ ಎಂಬ ಈ ಅಪರಾಧದ ಹೆಸರು ಹೊಲದಿಂದಲೇ ನ್ಯಾಯಸ್ಥಾನಕ್ಕೆ ಹೋಯಿತು. ರೋಮಿನಲ್ಲಿ ಸರ್ಕಾರಿ ವಕೀಲರಿರಲಿಲ್ಲ. ನಾಗರಿಕನೊಬ್ಬನೇ ಆರೋಪ ಹೊರಿಸಿ ಮೊಕದ್ದಮೆ ನಡೆಸಬೇಕಿತ್ತು. ಆರೋಪಿಯ ಜೊತೆ ಒಳಗೊಳಗೇ ಶಾಮೀಲಾಗಿ, ಬೇಕೆಂದೇ ಸೋಲುವವನು ಪ್ರೈವಾರಿಕಾತೋರ್. ಕ್ರಿ.ಪೂ. 70ರಲ್ಲಿ ಸಿಸಿಲಿಯ ಭ್ರಷ್ಟ ರಾಜ್ಯಪಾಲನಾಗಿದ್ದ ವೆರ್ರೆಸ್ ವಿರುದ್ಧ ವಾದಿಸುವ ಹಕ್ಕನ್ನು ಅವನ ಕೈಕೆಳಗೇ ಅಧಿಕಾರಿಯಾಗಿದ್ದ ಕೈಕಿಲಿಯುಸ್ ಕೇಳಿದಾಗ ವಾಗ್ಮಿ ಸಿಸೆರೊ ಎತ್ತಿದ ಶಂಕೆ ಇದೇ.

ರೋಮನ್ ಕಾನೂನಿನ ಸಂಕಲನವಾದ 533ರ ಡೈಜೆಸ್ಟ್‌ನ 48ನೆಯ ಪುಸ್ತಕದಲ್ಲಿರುವ ವಿಂಗಡಣೆ ಇನ್ನೂ ಸ್ಪಷ್ಟ. ಸುಳ್ಳು ಆರೋಪ ಹೊರಿಸುವುದು ಕಲುಮ್ನಿಯಾರಿ. ನಿಜವಾದ ಅಪರಾಧವನ್ನು ಮುಚ್ಚಿಡುವುದು ಪ್ರೈವಾರಿಕಾರಿ. ಮೊಕದ್ದಮೆಯನ್ನೇ ಕೈಬಿಟ್ಟು ಬೆನ್ನು ತಿರುಗಿಸುವುದು ತೆರ್ಗಿವೆರ್ಸಾರಿ. ಮೂರೂ ಇಂಗ್ಲಿಷಿಗೆ ಬಂದಿವೆ. ಈ ಮೂರನ್ನು ಒಟ್ಟಿಗೆ ಕಲಿತರೆ ಒಂದೂ ಮರೆಯುವುದಿಲ್ಲ, ನನಗೆ ಕೈಹಿಡಿದ ದಾರಿ ಇದೊಂದೇ.

ಆದರೆ ಇಂಗ್ಲಿಷಿನ ಇಂದಿನ ಬಳಕೆಯಲ್ಲಿ ಪ್ರಿವ್ಯಾರಿಕೇಟ್‌ನ ಕಾನೂನಿನ ಅರ್ಥ ಬಹುಪಾಲು ಹಿಂದೆ ಸರಿದಿದೆ. ಈಗ ಅದು ಪ್ರಶ್ನೆಗೆ ಹಾರಿಕೆಯ ಉತ್ತರ ಕೊಟ್ಟು ಸತ್ಯದಿಂದ ನುಣುಚಿಕೊಳ್ಳುವುದು. ‘ಸುಳ್ಳು ಹೇಳು’ ಎಂದು ಎರಡೇ ಪದದಲ್ಲಿ ಮುಗಿಸುವ ಆ್ಯಪ್‌ಗಳನ್ನು ನಂಬಬೇಡಿ. ಬೇರು ಗೊತ್ತಿಲ್ಲದೆ ಚಂದದ ಚಿತ್ರ ಹಾಕಿ ಹಂಚುವ ಪುಟಗಳನ್ನಂತೂ ನೋಡಲೇಬೇಡಿ. ಹಳೆಯ ಲ್ಯಾಟಿನ್ ಕ್ರೈಸ್ತ ಗ್ರಂಥಗಳಲ್ಲಿ ಮಾತ್ರ ಎಚ್ಚರ: ಅಲ್ಲಿ ಇದರ ನಾಮಪದರೂಪ ಪ್ರೈವಾರಿಕಾತಿಯೊ ಎಂದರೆ ಆಜ್ಞೆ ಮೀರುವುದು. ಆಕ್ಸ್‌ಫರ್ಡ್ ಲ್ಯಾಟಿನ್ ನಿಘಂಟು ಸುಮಾರು ಎರಡನೆಯ ಶತಮಾನಕ್ಕೆ ನಿಲ್ಲುವುದರಿಂದ ಇದಕ್ಕೆ ನೆರವಾಗದು. 1879ರ ಲೂಯಿಸ್–ಶಾರ್ಟ್ ಲ್ಯಾಟಿನ್ ನಿಘಂಟು ಹಳತಾದರೂ ನನ್ನ ಮತ ಅದಕ್ಕೇ.

ಇನ್ನೊಬ್ಬರು ಪ್ರಿವ್ಯಾರಿಕೇಟನ್ನು ಪ್ರೊಕ್ರ್ಯಾಸ್ಟಿನೇಟ್ ಜೊತೆ ಬೆರೆಸಿದ್ದಾರೆ. ಅದು ಲ್ಯಾಟಿನ್ನಿನ ಕ್ರಾಸ್, ಅಂದರೆ ‘ನಾಳೆ’ಯಿಂದ ಬಂದದ್ದು; ಕೆಲಸ ಮುಂದೂಡುವ ಮಾತು. ಮೋಸದ ಪದಗಳ ಪಟ್ಟಿ ಮಾಡುವವರು ಕೊಲ್ಯೂಡ್, ಡಿಲ್ಯೂಡ್, ಇಲ್ಯೂಷನ್ ಮೂರನ್ನೂ ಆಟವಾಡುವ ಲೂಡೆರೆಯ ಕೆಳಗೆ ಬರೆಯಿರಿ. ಡಿಸೀವ್ ಅಲ್ಲಿಗೆ ಸೇರದು. ಅದರ ಬೇರು ಕಾಪೆರೆ, ಹಿಡಿಯುವುದು.