ಸ್ಟಾಕ್‌ಹೋಮಾ, ಡಲ್ಲಾಸಾ? ಬರೀ ತೆರಿಗೆ ನೋಡಿ ಹೇಳೋಕಾಗಲ್ಲ

ಹೆಚ್ಚು ತೆರಿಗೆಯ ದೇಶದಲ್ಲಿ ಬದುಕು ಚೆನ್ನಾಗಿರುತ್ತಾ, ಕಡಿಮೆ ತೆರಿಗೆಯ ದೇಶದಲ್ಲಾ? ಈ ಪ್ರಶ್ನೆ ಪ್ರತಿ ಸಲವೂ ಬರುತ್ತೆ, ಪ್ರತಿ ಸಲವೂ ಅದೇ ವಾಟ್ಸ್ಆ್ಯಪ್ ಲೆಕ್ಕವನ್ನು ಜೊತೆಗೆ ತರುತ್ತೆ. ಹಾಗಾಗಿ ಈ ಬಾರಿ ಒಂದು ಪತ್ರವನ್ನೇ ಹಿಡಿದು ವಿವರವಾಗಿ ಉತ್ತರಿಸುತ್ತೇನೆ. ಸ್ಲ್ಯಾಬ್ ಅಂದರೇನು, ಟಿಡಿಎಸ್ ಅಂದರೇನು ಅಂತ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ನಾನೂ ಹೆಂಡತಿಯೂ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಮಗಳಿಗೆ ಎರಡು ವರ್ಷ ತುಂಬಿದೆ. ನನಗೆ ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ ತಿಂಗಳಿಗೆ 55,000 ಕ್ರೋನರ್, ಅಮೆರಿಕದ ಡಲ್ಲಾಸ್‌ನಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ವರ್ಷಕ್ಕೆ 1,30,000 ಡಾಲರ್ ಆಫರ್ ಇದೆ. ಸ್ವೀಡನ್‌ನಲ್ಲಿ ಅರ್ಧ ಸಂಬಳ ತೆರಿಗೆಗೇ ಹೋಗುತ್ತೆ ಅಂತಾರೆ. ಯಾವುದಕ್ಕೆ ಹೋಗಲಿ? (ಮೈಸೂರು)

ಮೊದಲು ಆ ‘ಅರ್ಧ’ದ ವಿಚಾರ. 55,000 ಕ್ರೋನರ್ ಸಂಬಳದ ಪೇಸ್ಲಿಪ್‌ನಲ್ಲಿ ಕಡಿತವಾಗುವುದು ಹೆಚ್ಚುಕಡಿಮೆ ಕಾಲು ಭಾಗ. ನಗರಸಭೆ ಮತ್ತು ಪ್ರಾಂತ್ಯದ ತೆರಿಗೆ ಸೇರಿ ಮೂವತ್ತು ಚಿಲ್ಲರೆ ಶೇಕಡಾ ಅಂತ ಕಾಣುತ್ತೆ. ಆದರೆ ದುಡಿಯುವವರಿಗೆ ಕೊಡುವ ರಿಯಾಯಿತಿ ಕಳೆದರೆ ಅಷ್ಟು ಉಳಿಯುವುದಿಲ್ಲ. ಹಾಗಾದರೆ ಆ ಮಾತು ಪೂರ್ತಿ ಸುಳ್ಳಾ? ಅಲ್ಲ. ಪೇಸ್ಲಿಪ್‌ನಲ್ಲಿ ಕಾಣದ ಇನ್ನೊಂದು ಸಾಲಿದೆ. ನಿಮ್ಮ ಸಂಬಳದ ಮೇಲೆ ಕಂಪನಿ ಸರ್ಕಾರಕ್ಕೆ ಬೇರೆಯಾಗಿ 31.42% ಕಟ್ಟುತ್ತೆ. ಅದನ್ನೂ ಸೇರಿಸಿದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚಿನಲ್ಲಿ 40%ಗಿಂತ ಜಾಸ್ತಿ ಸರ್ಕಾರಕ್ಕೆ ಹೋಗುತ್ತೆ. ಆಮೇಲೆ ಅಂಗಡಿಯಲ್ಲಿ ಹೆಚ್ಚಿನ ಸಾಮಾನಿಗೆ 25% ವ್ಯಾಟ್. ಜನ ಹೇಳುವ ಅರ್ಧ ಅಲ್ಲಿಗೆ ಸರಿಹೋಗುತ್ತೆ. ಆದರೆ ನಿಮ್ಮ 55,000 ಸಂಬಳದಲ್ಲಿ ಅರ್ಧ ಹೋಗುತ್ತೆ ಅನ್ನುವುದು ತಪ್ಪು.

ಡಲ್ಲಾಸ್‌ಗೆ ಬನ್ನಿ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಇಬ್ಬರೂ ಸೇರಿ ರಿಟರ್ನ್ಸ್ ಹಾಕಿದರೆ ಕೇಂದ್ರದ (ಫೆಡರಲ್) ತೆರಿಗೆ, ಪಿಂಚಣಿಗೆ ಕಟ್ಟುವ ಸೋಷಿಯಲ್ ಸೆಕ್ಯೂರಿಟಿ, ವಯಸ್ಸಾದವರ ಆರೋಗ್ಯ ವಿಮೆಗೆ ಕಟ್ಟುವ ಮೆಡಿಕೇರ್ ಎಲ್ಲ ಸೇರಿ ಹೆಚ್ಚುಕಡಿಮೆ ಆರನೇ ಒಂದು ಭಾಗ ಕಡಿತವಾಗುತ್ತೆ. ಕಾಲು ಭಾಗಕ್ಕೂ ಆರನೇ ಒಂದು ಭಾಗಕ್ಕೂ ಇರುವ ಅಂತರ ಎಷ್ಟು ಅಂತ ನೀವೇ ನೋಡಿ. ಡಲ್ಲಾಸ್‌ನಲ್ಲಿ ದುಡ್ಡು ಜಾಸ್ತಿ ಉಳಿಯುವುದಕ್ಕೆ ತೆರಿಗೆಗಿಂತ ದೊಡ್ಡ ಕಾರಣ ಬೇರೆಯೇ ಇದೆ. ಅಲ್ಲಿ ಸಂಬಳವೇ ಎರಡು ಪಟ್ಟಿನ ಹತ್ತಿರ ಇದೆ. ಇದನ್ನು ಯಾರೂ ಹೇಳುವುದಿಲ್ಲ, ಸುಮ್ನೆ ತೆರಿಗೆಯನ್ನು ಬೈಯುತ್ತಾರೆ.

ಈಗ ಆ ಉಳಿದ ದುಡ್ಡಿನಲ್ಲಿ ನೀವು ಏನೇನು ಕೊಳ್ಳಬೇಕು ಅಂತ ಬರೆದುಕೊಳ್ಳಿ. ಅಮೆರಿಕದಲ್ಲಿ ಕಂಪನಿ ಮೂಲಕ ಸಿಗುವ ಕುಟುಂಬ ಆರೋಗ್ಯ ವಿಮೆಯ ಸರಾಸರಿ ಪ್ರೀಮಿಯಂ 2024ರಲ್ಲಿ ವರ್ಷಕ್ಕೆ 25,572 ಡಾಲರ್ ಇತ್ತು. ಅದರಲ್ಲಿ ಕೆಲಸಗಾರನ ಪಾಲು 6,296. ಅದರ ಮೇಲೆ ಡಿಡಕ್ಟಿಬಲ್ ಬೇರೆ. ಅಂದರೆ ವಿಮೆ ಕೊಡಲು ಶುರುಮಾಡುವ ಮೊದಲು ನೀವೇ ಕೈಯಿಂದ ಹಾಕುವ ಹಣ. ಆಫರ್ ಲೆಟರ್‌ನಲ್ಲಿ ಅದು ಇರಲ್ಲ, ಎಚ್‌ಆರ್ ಹತ್ತಿರ ಕೇಳಿ ತರಿಸಿಕೊಳ್ಳಿ. ಮಗುವಿನ ಡೇಕೇರ್ ತಿಂಗಳಿಗೆ 1,000 ಡಾಲರ್ ದಾಟುವುದು ಮಾಮೂಲು. ಸ್ವೀಡನ್‌ನಲ್ಲಿ 2002ರಿಂದ ಡೇಕೇರ್ ಶುಲ್ಕಕ್ಕೆ ಮಿತಿ ಇದೆ. ಮೊದಲ ಮಗುವಿಗೆ ಮನೆಯ ಆದಾಯದ 3%, ಗರಿಷ್ಠ ಸುಮಾರು 1,700 ಕ್ರೋನರ್. ದೊಡ್ಡವರು ಡಾಕ್ಟರ ಹತ್ತಿರ ಹೋದರೆ ಕೊಡುವ ಶುಲ್ಕಕ್ಕೂ ಹನ್ನೆರಡು ತಿಂಗಳಿಗೆ ಸುಮಾರು 1,450 ಕ್ರೋನರ್ ಮಿತಿ. ಆದರೆ ಸರದಿ ಉದ್ದ. ತಜ್ಞ ವೈದ್ಯರನ್ನು 90 ದಿನದೊಳಗೆ ಕಾಣಿಸುತ್ತೇವೆ ಅನ್ನುವುದು ಅಲ್ಲಿನ ನಿಯಮ, ಅದು ಎಷ್ಟೋ ಸಲ ಪಾಲನೆಯಾಗುವುದಿಲ್ಲ. ಬಾಡಿಗೆ ಮನೆಯ ಸರದಿಯಂತೂ ವರ್ಷಗಟ್ಟಲೆ. ಹೊಸದಾಗಿ ಹೋದವರು ಇನ್ನೊಬ್ಬರ ಮನೆಯನ್ನು ಒಳಬಾಡಿಗೆಗೆ ಹಿಡಿದು ಜಾಸ್ತಿ ಕೊಡಬೇಕಾಗುತ್ತೆ.

ನಿಮ್ಮ ಪತ್ರದಲ್ಲಿ ನನಗೆ ಬೇಸರ ತಂದದ್ದು ಒಂದೇ. ಹೆಂಡತಿಯೂ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ ಅಂತ ಬರೆದು, ಅವರ ಸಂಬಳವನ್ನು ಎಲ್ಲೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅಮೆರಿಕಕ್ಕೆ ಎಚ್-4, ಅಂದರೆ ಎಚ್-1ಬಿಯವರ ಸಂಗಾತಿಗೆ ಕೊಡುವ ವೀಸಾದಲ್ಲಿ ಹೋದರೆ, ನಿಮ್ಮ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟುವ ತನಕ ಅವರು ಕೆಲಸ ಮಾಡುವಂತಿಲ್ಲ. ಸ್ವೀಡನ್‌ನಲ್ಲಿ ನಿಮ್ಮ ಪರ್ಮಿಟ್ ಜೊತೆಗೆ ಸಂಗಾತಿಗೂ ಕೆಲಸದ ಅನುಮತಿ ಸಿಗುತ್ತೆ. ತೆರಿಗೆಯ ರೀತಿಯೂ ಬೇರೆ. 1971ರಲ್ಲಿ ಸ್ವೀಡನ್ ಗಂಡ ಹೆಂಡತಿಯ ದುಡಿಮೆಗೆ ಒಟ್ಟಿಗೆ ತೆರಿಗೆ ಹಾಕುವುದನ್ನು ಕೈಬಿಟ್ಟಿತು. ಈಗ ಅಲ್ಲಿ ನಿಮ್ಮ ಹೆಂಡತಿಯ ಸಂಬಳಕ್ಕೆ ತೆರಿಗೆ ಕೆಳಗಿನ ಹಂತದಿಂದಲೇ ಶುರುವಾಗುತ್ತೆ. ಅಮೆರಿಕದ ಜಂಟಿ ರಿಟರ್ನ್ಸ್‌ನಲ್ಲಿ ಎರಡನೆಯವರ ಸಂಬಳ ಮೊದಲನೆಯವರ ಸಂಬಳದ ಮೇಲೆ ಕೂರುತ್ತೆ, ಹಾಗಾಗಿ ಅದಕ್ಕೆ ಮೇಲಿನ ಹಂತದ ದರವೇ ಬೀಳುತ್ತೆ. ಎರಡನೇ ಸಂಬಳ ಸೇರಿಸಿ ನೋಡಿದರೆ ಡಲ್ಲಾಸ್‌ನ ಲಾಭ ಎಷ್ಟೋ ಕರಗುತ್ತೆ. ಅದಕ್ಕಿಂತ ಮುಖ್ಯ, ಓದಿ ದುಡಿದ ಹೆಂಗಸು ವರ್ಷಗಟ್ಟಲೆ ಮನೆಯಲ್ಲಿ ಕೂರುವುದು ಸಣ್ಣ ವಿಷಯ ಅಲ್ಲ. ಅವರನ್ನು ಕೇಳಿದ್ದೀರಾ?

ಸ್ವೀಡನ್ ಬಗ್ಗೆಯೂ ಎರಡು ಭ್ರಮೆ ಬಿಡಿ. ಒಂದು, 480 ದಿನದ ಪೋಷಕರ ರಜೆ ನಿಮಗೆ ಕಾದಿಲ್ಲ. ಎರಡು ವರ್ಷ ತುಂಬಿದ ಮಗುವನ್ನು ಕರೆದುಕೊಂಡು ಹೋದರೆ 100 ದಿನ ಮಾತ್ರ. ಇನ್ನೊಂದು, ಕೆಲಸ ಹೋದರೆ ಸಂಬಳಕ್ಕೆ ತಕ್ಕ ಭತ್ಯೆ ತಾನಾಗಿ ಬರಲ್ಲ. ಅದಕ್ಕೆ ಆ-ಕಸ್ಸಾ ಎಂಬ ನಿರುದ್ಯೋಗ ವಿಮಾ ನಿಧಿಗೆ ನೀವೇ ಸದಸ್ಯರಾಗಿ ತಿಂಗಳ ಶುಲ್ಕ ಕಟ್ಟಿರಬೇಕು. ಹೋದ ಮೊದಲ ವಾರವೇ ಸೇರಿಕೊಳ್ಳಿ.

ಪಿಂಚಣಿಯನ್ನೂ ಮರೆಯಬೇಡಿ. ಭಾರತಕ್ಕೂ ಸ್ವೀಡನ್‌ಗೂ ಸಾಮಾಜಿಕ ಭದ್ರತಾ ಒಪ್ಪಂದ, ಅಂದರೆ ಒಂದು ದೇಶದಲ್ಲಿ ದುಡಿದ ವರ್ಷಗಳನ್ನು ಇನ್ನೊಂದರ ಪಿಂಚಣಿಗೂ ಎಣಿಸುವ ಒಪ್ಪಂದ ಇದೆ, ಅಮೆರಿಕದ ಜೊತೆ ಇಲ್ಲ. ಅಮೆರಿಕದಲ್ಲಿ ಪಿಂಚಣಿಗೆ 40 ಕ್ರೆಡಿಟ್, ಅಂದರೆ ಹತ್ತು ವರ್ಷದ ದುಡಿಮೆ ಬೇಕು. ಆರು ವರ್ಷಕ್ಕೆ ವಾಪಸ್ ಬಂದರೆ ಕಟ್ಟಿದ್ದು ಅಲ್ಲೇ ಹೋಯಿತು ಅಂದುಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದಿರಿ. ಒಂಟಿ, 26 ವರ್ಷ, ಆರೋಗ್ಯ ಗಟ್ಟಿ, ಮನೆ ಸಾಲ ತೀರಿಸಬೇಕು ಅನ್ನುವವರಿಗೆ ಕಣ್ಣು ಮುಚ್ಚಿ ಡಲ್ಲಾಸ್ ಅನ್ನುತ್ತೇನೆ. ನಿಮ್ಮ ಮನೆಗೆ ಸ್ಟಾಕ್‌ಹೋಮ್. ನಾನು ಅಪಾಯಕ್ಕೆ ಅಂಜುವವನು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೆಲಸ ಹೋದರೆ ಎಚ್-1ಬಿಯವರಿಗೆ ಬೇರೆ ಕೆಲಸ ಹಿಡಿಯಲು, ಇಲ್ಲವೇ ದೇಶ ಬಿಡಲು ಇರುವುದು 60 ದಿನ, ಮತ್ತು ಆರೋಗ್ಯ ವಿಮೆ ಆ ಕೆಲಸಕ್ಕೇ ಅಂಟಿಕೊಂಡಿರುತ್ತೆ. ಮಗು ಇರುವ ಮನೆಗೆ ಈ ಎರಡೂ ಒಟ್ಟಿಗೆ ಬರುವುದು ನನಗೆ ಹಿಡಿಸುವುದಿಲ್ಲ.

ಪ್ರಶ್ನೆ: ಸಿಂಗಪುರದಲ್ಲಿ ತೆರಿಗೆ ಕಡಿಮೆ, ಜೀವನವೂ ಚೆನ್ನಾಗಿದೆ. ಮತ್ತೆ ತೆರಿಗೆ ಯಾಕೆ ಬೇಕು?

ಅಲ್ಲಿನ ಪ್ರಜೆಗಳ ಸಂಬಳದಿಂದ 20%, ಮಾಲೀಕರಿಂದ 17% ಸಿಪಿಎಫ್‌ಗೆ, ಅಂದರೆ ನಮ್ಮ ಪಿಎಫ್ ತರಹದ ಉಳಿತಾಯ ನಿಧಿಗೆ, ಕಡ್ಡಾಯವಾಗಿ ಹೋಗುತ್ತೆ, ಮುಕ್ಕಾಲು ಪಾಲು ಜನ ಸರ್ಕಾರ ಕಟ್ಟಿಸಿದ ಮನೆಗಳಲ್ಲಿದ್ದಾರೆ. ಅದಕ್ಕೆ ತೆರಿಗೆ ಅನ್ನುವ ಹೆಸರಿಲ್ಲ, ಅಷ್ಟೇ.

ಪ್ರಶ್ನೆ: ದುಬೈನಲ್ಲಿ ಆದಾಯ ತೆರಿಗೆಯೇ ಇಲ್ವಲ್ಲ?

ದುಡಿದು ಉಳಿಸಿ ಬರಲು ಹೋಗಿ, ಮುಪ್ಪಿಗೆ ನೆಚ್ಚಿಕೊಳ್ಳಬೇಡಿ.

ಪ್ರಶ್ನೆ: ನಾವು ಸ್ವೀಡನ್‌ನಷ್ಟೇ ತೆರಿಗೆ ಕಟ್ಟುತ್ತೇವೆ, ಅಲ್ಲಿನ ಸೌಲಭ್ಯ ನಮಗೆ ಯಾಕಿಲ್ಲ?

ಕಟ್ಟುವುದಿಲ್ಲ. ಕೇಂದ್ರ, ರಾಜ್ಯ ಎರಡೂ ಸೇರಿ ಭಾರತದ ತೆರಿಗೆ ಜಿಡಿಪಿಯ 18%ರ ಆಸುಪಾಸು, ಸ್ವೀಡನ್‌ನದು 40%ರ ಆಸುಪಾಸು. ಜಿಡಿಪಿಯೂ ತಲಾ ಲೆಕ್ಕದಲ್ಲಿ ಎಷ್ಟೋ ಪಟ್ಟು ದೊಡ್ಡದು. ನಮ್ಮ ರಸ್ತೆ, ಆಸ್ಪತ್ರೆ ಕೆಟ್ಟಿರುವುದಕ್ಕೆ ಸಿಟ್ಟು ಬರಲೇಬೇಕು, ನನಗೂ ಬರುತ್ತೆ. ಸುಳ್ಳು ಅಂಕಿ ಹಿಡಿದುಕೊಂಡು ಸಿಟ್ಟಾಗಬೇಡಿ.

ಪ್ರಶ್ನೆ: ಸ್ವೀಡನ್‌ನಲ್ಲಿ ತೆರಿಗೆ ಉಳಿಸಿಕೊಡುತ್ತೇನೆ ಅಂತ ಯೂಟ್ಯೂಬ್‌ನ ಒಬ್ಬ ಸಲಹೆಗಾರ 80,000 ರೂಪಾಯಿ ಕೇಳುತ್ತಿದ್ದಾನೆ. ಕೊಡಲಾ?

ಒಂದು ರೂಪಾಯಿಯನ್ನೂ ಕೊಡಬೇಡಿ. ವಿದೇಶಿ ಪರಿಣತರಿಗೆ ಸಂಬಳದ 25% ಭಾಗಕ್ಕೆ 7 ವರ್ಷ ತೆರಿಗೆ ಬಿಡುವ ಕಾನೂನು ಅಲ್ಲಿ ಇದೆ. ಎಲ್ಲರಿಗೂ ಸಿಗಲ್ಲ. ಸಿಗುವುದಾದರೆ ಕೆಲಸಕ್ಕೆ ಸೇರಿದ ಮೂರು ತಿಂಗಳೊಳಗೆ ನೀವು ಅಥವಾ ಕಂಪನಿ ನೇರವಾಗಿ ಅರ್ಜಿ ಹಾಕಬೇಕು. ನಿಮ್ಮ ಎಚ್‌ಆರ್‌ಗೆ ಇವತ್ತೇ ಒಂದು ಮೇಲ್ ಹಾಕಿ.